ಕೆರೆ ತೋಡಿದವರ ಮಕ್ಕಳು

ಟ್ಯಾಂಕ್ ಬಂಡ್ ರೋಡ್ ಎಂದು ಬೋರ್ಡು ಬರೆಸಿಕೊಂಡ ನಮ್ಮ ಅಂಗಡಿಯವರಲ್ಲಿ ಅರ್ಧಕ್ಕರ್ಧ ಜನಕ್ಕೆ ಟ್ಯಾಂಕೂ ಗೊತ್ತಿಲ್ಲ, ಬಂಡೂ ಗೊತ್ತಿಲ್ಲ. ಆ ಟ್ಯಾಂಕು ಧರ್ಮಾಂಬುಧಿ ಕೆರೆ. ಬೆಂಗಳೂರಿನ ಹಳೇ ಪೇಟೆ ಒಂದು ಕಾಲಕ್ಕೆ ಇದರ ನೀರು ಕುಡಿದು ಬದುಕಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂದಿತು, ಕೆರೆ ಯಾರಿಗೂ ಬೇಡವಾಯಿತು, ಕ್ರಮೇಣ ಬತ್ತಿ ಮೈದಾನವಾಯಿತು. ಈಗ ಕೆರೆಯಂಗಳದ ತುಂಬ ಮೆಜೆಸ್ಟಿಕ್ಕಿನ ಬಸ್ಸುಗಳು. ದಂಡೆಯ ದೇವತೆ ಅಣ್ಣಮ್ಮ ಮಾತ್ರ ತನ್ನ ಗುಡಿಯಲ್ಲೇ ಇದ್ದಾಳೆ.

ನಾನು ಉಪ್ಪಾರಪೇಟೆಯವನು, ಜಾತಿಯಲ್ಲೂ ಉಪ್ಪಾರ. ಪೇಟೆಯ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ನಮ್ಮವರು ಮೊದಲು ಸವುಳು ಮಣ್ಣು ಸೋಸಿ ಉಪ್ಪು ತೆಗೆಯುತ್ತಿದ್ದವರು. ಆ ಕಸುಬು ಕುಸಿದ ಮೇಲೆ ಗುದ್ದಲಿ, ಹಾರೆ ಹಿಡಿದು ಮಣ್ಣು ಕೆಲಸಕ್ಕೆ ಇಳಿದರು. ಕಲ್ಲು ಒಡೆಯುವುದು ಬೋವಿಗಳ ಕೈಲಿತ್ತು. ನಮ್ಮವರು ಗುತ್ತಿಗೆಗೆ ಕೆರೆ ತೋಡುವಾಗ ನಡುನಡುವೆ ಒಂದೊಂದು ಮಣ್ಣಿನ ಗುಡ್ಡೆಯನ್ನು ಮುಟ್ಟದೆ ಹಾಗೇ ಬಿಡುತ್ತಿದ್ದರಂತೆ. ಕೊನೆಗೆ ಮೇಸ್ತ್ರಿ ಆ ಗುಡ್ಡೆಯ ಎತ್ತರ ಅಳೆದು, ಎಷ್ಟಾಳ ತೋಡಿದ್ದಾರೆ ಎಂದು ಲೆಕ್ಕ ಹಾಕಿ ಕೂಲಿ ಬಟವಾಡೆ ಮಾಡುತ್ತಿದ್ದ. ಗುಡ್ಡೆಯ ನೆತ್ತಿಯ ಮೇಲೆ ಯಾರಾದರೂ ರಾತ್ರೋರಾತ್ರಿ ಒಂದು ಬುಟ್ಟಿ ಮಣ್ಣು ಸುರಿದರೆ ಕೂಲಿಯೂ ಬೆಳೆಯುತ್ತಿತ್ತು ಎಂದು ನಮ್ಮ ತಾತ ಹೇಳಿ ನಗುತ್ತಿದ್ದ. ಸುರಿದವನು ತಾನೇ ಇರಬೇಕು!

ಕೆರೆ ತುಂಬಿದ ಮೇಲೆ ಯಾರು ಎಲ್ಲಿ ಇಳಿಯಬೇಕು ಅನ್ನುವುದು ಬೇರೆ ಲೆಕ್ಕ. ಮೇಲ್ಜಾತಿಗೆ ಒಂದು ಸೋಪಾನ, ಅಗಸರಿಗೆ ಒಂದು ದಡ, ದನಕ್ಕೆ ಒಂದು ಕಡೆ, ಕೇರಿಯವರು ದೂರದಲ್ಲಿ ನಿಂತು ಯಾರಾದರೂ ಹೊಯ್ಯಲಿ ಎಂದು ಕಾಯಬೇಕು. ದನ ಇಳಿದ ನೀರಿಗೆ ಇಲ್ಲದ ಮೈಲಿಗೆ ಮನುಷ್ಯ ಇಳಿದರೆ ಬರುತ್ತಿತ್ತು. ನನಗೆ ಈಜು ಕಲಿಸಿದವನು ಮಾಗಡಿ ಕಡೆಯ ನನ್ನ ಸೋದರಮಾವ, ಕಪಿಲೆ ಬಾವಿಯಲ್ಲಿ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲಿನಿಂದ ತಳ್ಳಿಬಿಟ್ಟ. ‘ಕಾಲು ಬಡಿಯೋ, ಕೈ ಆಮೇಲೆ ನೋಡ್ಕೊಳ್ಳೋಣ!’ ಅಂದ. ಮೂಗಿಗೆಲ್ಲ ನೀರು ನುಗ್ಗಿ, ಅತ್ತು, ಅಂತೂ ಕಲಿತೆ. ನಮ್ಮ ಜೊತೆ ದನ ಕಾಯುತ್ತಿದ್ದ ಕೇರಿಯ ಹುಡುಗರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅವರು ಮಳೆನೀರು ನಿಂತ ಕಲ್ಲುಗುಂಡಿಯಲ್ಲಿ ತಾವೇ ಕಲಿಯಬೇಕಿತ್ತು. ಅಲ್ಲಿ ಹಗ್ಗ ಹಿಡಿಯುವ ಮಾವ ಯಾರಿರುತ್ತಾರೆ?

ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ಆ ಕೆರೆಯ ಮೊಕದ್ದಮೆ ಬಾಂಬೆ ಹೈಕೋರ್ಟಿನಲ್ಲಿ ಮುಗಿಯಲು 1937 ಆಯಿತು. ಆ ಹೋರಾಟದ ಗುರುತು ಸಂವಿಧಾನದಲ್ಲೇ ಉಳಿದಿದೆ: 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳುತ್ತದೆ. ಅಸ್ಪೃಶ್ಯತೆಯನ್ನು ಶಿಕ್ಷಿಸುವ ಕಾಯ್ದೆ ಬಂದದ್ದು 1955ರಲ್ಲಿ. ಆ ಹೊತ್ತಿಗೆ ಪೇಟೆಯ ಸುತ್ತ ಇಳಿಯುವಂಥ ಕೆರೆಗಳು ಉಳಿದದ್ದೇ ಕಡಿಮೆ. ಧರ್ಮಾಂಬುಧಿ ಆಗಲೇ ಬತ್ತಿತ್ತು. ಸಂಪಂಗಿ ಕೆರೆ ಮುಂದೆ ಕಂಠೀರವ ಕ್ರೀಡಾಂಗಣವಾಯಿತು, ಕರಗಕ್ಕೆಂದು ಚೂರು ನೀರು ಉಳಿಯಿತು. ಕೆಂಪಾಂಬುಧಿಗೆ ಚರಂಡಿ ನೀರು ಹರಿಯಿತು. ಇಳಿಯುವ ಹಕ್ಕು ಕಾಗದದ ಮೇಲೆ ಸಿಕ್ಕಾಗ ನೀರೇ ಕೈಬಿಟ್ಟಿತು.

ನೀರು ಮತ್ತೆ ಬಂದದ್ದು ಟೈಲ್ಸ್ ಹಾಕಿದ ಕೊಳದಲ್ಲಿ. ಮಲ್ಲೇಶ್ವರದಲ್ಲಿ 1882ರ ಸ್ಯಾಂಕಿ ಕೆರೆಯ ಮಗ್ಗುಲಲ್ಲೇ ಪಾಲಿಕೆಯ ಈಜುಕೊಳ, ಸದಾಶಿವನಗರದಲ್ಲಿ ಕೆ.ಸಿ. ರೆಡ್ಡಿ ಈಜುಕೊಳ, ದಕ್ಷಿಣದಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್. ನಿಶಾ ಮಿಲೆಟ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ, ಶ್ರೀಹರಿ ನಟರಾಜ್ ಟೋಕಿಯೊಗೆ ಹೋದದ್ದು ಈ ಊರಿನಿಂದ. ಹೆಮ್ಮೆಯ ಸಂಗತಿಯೇ. ಆದರೆ ಪೇಟೆಯ ಹಮಾಲಿಯ ಮಗನಿಗೆ, ಶ್ರೀರಾಮಪುರದ ಪೌರಕಾರ್ಮಿಕರ ಮಗಳಿಗೆ ಆ ಗೇಟು ಎಷ್ಟು ದೂರ ಅನ್ನುವುದನ್ನು ನಾನು ಕಂಡಿದ್ದೇನೆ. ಒಂದು ಬೇಸಿಗೆ ನನ್ನ ಹುಡುಗರನ್ನು ಸಾಲು ಹಿಡಿಸಿ ಒಂದು ಕೊಳಕ್ಕೆ ಕರೆದೊಯ್ದೆ. ಗೇಟಿನವನು ಅವರ ಖಾಕಿ ಚಡ್ಡಿ ನೋಡಿ, ‘ಮೇಷ್ಟ್ರೇ, ಕಾಸ್ಟ್ಯೂಮ್ ಇಲ್ದೆ ಬಿಡೋ ಹಾಗಿಲ್ಲ, ಕ್ಯಾಪ್ ಬೇಕು, ಮೆಡಿಕಲ್ ಸರ್ಟಿಫಿಕೇಟ್ ಬೇಕು’ ಅಂದ. ಸಂಬಳ ಎಷ್ಟೆಂದು ಅವನು ಕೇಳಲಿಲ್ಲ, ಜಾತಿ ಯಾವುದೆಂದೂ ಕೇಳಲಿಲ್ಲ. ವಾಪಸು ಬಂದ ಸಾಲನ್ನು ನೋಡಿದ್ದರೆ ಎರಡೂ ಗೊತ್ತಾಗುತ್ತಿತ್ತು. ಹೆಣ್ಣುಮಕ್ಕಳನ್ನಂತೂ ಮನೆಯವರು ಆ ಸಾಲಿಗೇ ಕಳಿಸಿರಲಿಲ್ಲ.

ಅಮೆರಿಕದಲ್ಲಿ ಕರಿಯರಿಗೆ ಹೀಗೇ ಆಯಿತು, ಇನ್ನೂ ಒರಟಾಗಿ. 1964ರ ಜೂನಿನಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿನ ಒಂದು ಮೋಟೆಲಿನ ಈಜುಕೊಳಕ್ಕೆ ಕರಿಯರೂ ಬಿಳಿಯರೂ ಒಟ್ಟಿಗೆ ಧುಮುಕಿದಾಗ ಮಾಲೀಕ ನೀರಿಗೆ ಆ್ಯಸಿಡ್ ಸುರಿದ. ಮಿಸಿಸಿಪಿಯ ಜ್ಯಾಕ್ಸನ್ ನಗರ, ಕರಿಯರನ್ನು ಬಿಟ್ಟುಕೊಳ್ಳಬೇಕಾದೀತೆಂದು ತನ್ನ ಈಜುಕೊಳಗಳನ್ನೇ ಮುಚ್ಚಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮುಚ್ಚಿದ್ದರಲ್ಲಿ ತಪ್ಪಿಲ್ಲ ಎಂದಿತು. ಈಜು ಬಾರದ ತಂದೆತಾಯಿ ಮಕ್ಕಳನ್ನು ನೀರಿನ ಹತ್ತಿರ ಬಿಡಲಿಲ್ಲ, ಮಕ್ಕಳೂ ಕಲಿಯಲಿಲ್ಲ. ಕರಿಯರ ಮೈಯೇ ಈಜಿಗೆ ಒಗ್ಗದು ಎಂಬ ಮಾತು ಹಬ್ಬಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕರಿಯ ಈಜುಗಾರ್ತಿ ಸಿಮೋನ್ ಮ್ಯಾನುಯೆಲ್ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದು ಆ ಮಾತಿನ ಬಾಯಿ ಮುಚ್ಚಿಸಿದಳು.

ನಗಬೇಡಿ, ನಾವೂ ಅದನ್ನೇ ಮಾಡಿದ್ದೇವೆ. ಆಫ್ರಿಕಾ ಮೂಲದ ಸಿದ್ದಿಗಳು ನಮ್ಮವರೇ. ಯಲ್ಲಾಪುರ, ಹಳಿಯಾಳದ ಕಡೆ, ಕಾಳಿ, ಬೇಡ್ತಿ ಹರಿಯುವ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ, ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅಲ್ಲಿನ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತ, ಓಡಿ ಪದಕ ತರುತ್ತಾರೆ ಎಂಬ ಲೆಕ್ಕಾಚಾರ ಅದು. ಕೆಲವರು ತಂದರು ಕೂಡ. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. ಅವರನ್ನು ಓಟದ ಟ್ರ್ಯಾಕಿಗೆ ತಂದ ಉಮೇದಿನಲ್ಲಿ ಈಜಿನ ನೆನಪು ಯಾರಿಗೂ ಬಂದಂತಿಲ್ಲ. ಮಗು ಯಾವುದರಲ್ಲಿ ಗಟ್ಟಿ ಎಂದು ತಿಳಿಯಬೇಕಾದರೆ ಎಲ್ಲದಕ್ಕೂ ಇಳಿಸಿ ನೋಡಬೇಕು. ಚರ್ಮದ ಬಣ್ಣ ನೋಡಿ ಆಟ ಹಂಚುವುದು ಮೇಷ್ಟ್ರ ಕೆಲಸ ಅಲ್ಲ.

ಪದಕ ಆಮೇಲಿನ ಮಾತು. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಬೇಸಿಗೆ ರಜೆ ಬಂತೆಂದರೆ ಊರಾಚೆಯ ಕ್ವಾರಿ ಹೊಂಡದಲ್ಲಿ ಹುಡುಗರು ಮುಳುಗಿದ ಸುದ್ದಿ ಪೇಪರಿನ ಒಳಪುಟದಲ್ಲಿ ತಪ್ಪುವುದಿಲ್ಲ. ಟೈಲ್ಸ್ ಕೊಳಕ್ಕೆ ದುಡ್ಡಿಲ್ಲದವರು ಹೋಗುವುದು ಇನ್ನೆಲ್ಲಿಗೆ? ಶಾಲೆಗೆ ಹೋಗುವ ಮಕ್ಕಳಿಗೆ ಈಜು, ನೀರಿನ ಎಚ್ಚರ ಎರಡನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಜುಲೈ 25 ಮುಳುಗುಸಾವು ತಡೆಯುವ ದಿನ ಎಂದು 2021ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದೆ. ಆ ದಿನ ನಮ್ಮ ಶಾಲೆಗಳಲ್ಲಿ ಭಾಷಣ ಕೂಡ ಆಗುವುದಿಲ್ಲ.

ಪಾಲಿಕೆಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ನಿಮ್ಮ ಪ್ರತಿ ಈಜುಕೊಳದಲ್ಲೂ ವಾರದ ದಿನ ಬೆಳಗ್ಗೆ ಒಂದು ತಾಸು ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಬಿಡಿ. ಟಿಕೆಟ್ ಬೇಡ, ಕಾಸ್ಟ್ಯೂಮು, ಕ್ಯಾಪು ನೀವೇ ಕೊಡಿ, ಹೆಣ್ಣುಮಕ್ಕಳಿಗೆ ಒಬ್ಬ ಮಹಿಳಾ ಕೋಚ್ ಇರಲಿ. ಕರೆದುಕೊಂಡು ಬರಲು ಪಿ.ಟಿ. ಮೇಷ್ಟ್ರು ಇದ್ದಾರೆ. ಪುರುಸೊತ್ತಿಲ್ಲ ಎಂದು ಅವರು ಅಂದರೆ ನನಗೆ ಹೇಳಿ ಕಳಿಸಿ, ನಾನು ಬರುತ್ತೇನೆ.