ನಿತ್ಯಕೃತ್ಯದಲ್ಲಿ ದೇವಸಾನ್ನಿಧ್ಯ: ಕಾರ್ಲ್ ರಾಹ್ನರನ ವಿಚಾರಸರಣಿ

ಸಂಸ್ಕೃತದ ‘ನಿತ್ಯ’ಶಬ್ದಕ್ಕೆ ಶಾಶ್ವತವೆಂದೂ ದಿನದಿನವೂ ನಡೆಯತಕ್ಕುದೆಂದೂ ಎರಡರ್ಥಗಳುಂಟು. ಬ್ರಹ್ಮವೂ ನಿತ್ಯ, ಸಂಧ್ಯಾವಂದನೆಯೂ ನಿತ್ಯ. ಜರ್ಮನ್ ಭಾಷೆಯಲ್ಲಿ ಇವೆರಡಕ್ಕೂ ಬೇರೆಬೇರೆ ಶಬ್ದಗಳು. ಅಲ್ಲಿ ಹೀಗೆ ಬೇರ್ಪಟ್ಟವುಗಳನ್ನು ಒಂದೆಡೆ ಕಾಣಲೆಳಸಿದ ದೈವಶಾಸ್ತ್ರಜ್ಞರಲ್ಲಿ ಕಾರ್ಲ್ ರಾಹ್ನರನು (1904–1984) ಪ್ರಮುಖನು.

ಈ ಭಾವನೆಯೇನೋ ಹಳೆಯದು. ಸಕಲ ವಸ್ತುಗಳಲ್ಲಿಯೂ ದೇವರನ್ನು ಅರಸಬೇಕೆಂದು ಯೇಸುಸಭೆಯ ಸ್ಥಾಪಕನಾದ ಇಗ್ನಾಸಿಯನು ಹದಿನಾರನೆಯ ಶತಮಾನದಲ್ಲಿಯೇ ಬೋಧಿಸಿದ್ದನು. ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಅಡುಗೆಯವನಾಗಿದ್ದು 1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸನು ತನಗೆ ಪ್ರಾರ್ಥನೆಯ ಹೊತ್ತು, ಪಾಕದ ಹೊತ್ತು ಎಂಬ ಭೇದವಿಲ್ಲವೆನ್ನುತ್ತಿದ್ದನು. ಆದರೆ ಇವೆರಡೂ ಸಾಧನಮಾರ್ಗಗಳು; ಇವಕ್ಕೆ ಶಾಸ್ತ್ರರೂಪವಾದ ಉಪಪತ್ತಿಯನ್ನು ಒದಗಿಸಿದವನು ರಾಹ್ನರನು.

ಫ್ರೈಬುರ್ಗಿನಲ್ಲಿ ಜನಿಸಿದ ಈತನು 1922ರಲ್ಲಿ ಯೇಸುಸಭೆಯನ್ನು ಸೇರಿ, 1934ರಿಂದ ಎರಡು ವರ್ಷ ಅದೇ ಊರಿನಲ್ಲಿ ಹೈಡೆಗ್ಗರನ ಗೋಷ್ಠಿಗಳಲ್ಲಿ ಕುಳಿತನು. ತೋಮಾಸ್ ಅಕ್ವಿನಾಸನ ಜ್ಞಾನಮೀಮಾಂಸೆಯನ್ನು ಕುರಿತ ಈತನ ಪ್ರಬಂಧವನ್ನು ಅದರ ಮಾರ್ಗದರ್ಶಕನು ಅಂಗೀಕರಿಸಲಿಲ್ಲ. 1939ರಲ್ಲಿ ಅದೇ ಗ್ರಂಥವಾಗಿ ಅಚ್ಚಾಯಿತು. ಅದರ ತಾತ್ಪರ್ಯವಿಷ್ಟು: ಎಷ್ಟೇ ಅಲ್ಪವಾದ ವಸ್ತುವನ್ನು ಅರಿಯುವಾಗಲೂ ಬುದ್ಧಿಯು ಅದನ್ನು ದಾಟಿ ಅಪರಿಮಿತವಾದ ದಿಗಂತದ ಕಡೆಗೆ ಚಾಚಿರುತ್ತದೆ. ಆ ದಿಗಂತವು ಸ್ವತಃ ದೃಶ್ಯವಲ್ಲ. ಅದಿಲ್ಲದೆ ಯಾವುದೂ ದೃಶ್ಯವಾಗದು. ಆ ರಹಸ್ಯಕ್ಕೇ ದೇವರೆಂದು ಹೆಸರು. ಇದನ್ನು ಅದ್ವೈತವೆಂದು ಹೇಳಿಬಿಡುವುದು ಆತುರದ ಮಾತಾದೀತು. ರಾಹ್ನರನಲ್ಲಿ ಅರಸುವ ಜೀವನೂ ಅರಸಲ್ಪಡುವ ರಹಸ್ಯವೂ ಎಂದಿಗೂ ಒಂದಾಗುವುದಿಲ್ಲ.

1946ರ ತಪಸ್ಸುಕಾಲದಲ್ಲಿ, ಬಾಂಬುಗಳಿಂದ ಜರ್ಜರಿತವಾಗಿದ್ದ ಮ್ಯೂನಿಕ್ ನಗರದ ಸಂತ ಮೈಕೇಲನ ದೇವಾಲಯದಲ್ಲಿ ಈತನು ಪ್ರಾರ್ಥನೆಯನ್ನು ಕುರಿತು ಉಪದೇಶಿಸಿದನು. ನೆಲಮಾಳಿಗೆಗಳಲ್ಲಿ ಜನರು ಹೂತುಹೋದುದನ್ನು ಕಂಡಿದ್ದ ಆ ಶ್ರೋತೃಗಳಿಗೆ, ಕಲ್ಲುಮಣ್ಣುಗಳ ಕೆಳಗೆ ಹೂತುಹೋದ ಹೃದಯದ ದೃಷ್ಟಾಂತವು ಕೇವಲ ಅಲಂಕಾರವಾಗಿರಲಿಲ್ಲ. 1964ರ ‘ದೈನಂದಿನ ವಸ್ತುಗಳು’ ಎಂಬರ್ಥದ ಕಿರುಹೊತ್ತಗೆಯಲ್ಲಿ ದುಡಿಮೆ, ನಡಿಗೆ, ಕೂರುವುದು, ನೋಡುವುದು, ನಗು, ಊಟ, ನಿದ್ರೆ ಎಂಬ ಏಳು ಕ್ರಿಯೆಗಳ ವಿಚಾರವಿದೆ. ನಡೆಯುವವನು ಇನ್ನೂ ಸೇರಬೇಕಾದೆಡೆಯನ್ನು ಸೇರದವನು. ನಿದ್ರಿಸುವವನು ತನ್ನನ್ನು ತನ್ನ ಅಧೀನದಲ್ಲಿಲ್ಲದುದಕ್ಕೆ ನಂಬಿ ಒಪ್ಪಿಸಿಕೊಳ್ಳುವವನು. ಗಮನಾರ್ಹವಾದುದೆಂದರೆ, ದುಡಿಮೆಯ ದಿನವನ್ನು ಹಬ್ಬದ ದಿನವಾಗಿ ಸಿಂಗರಿಸಬಾರದೆಂದು ಆತನು ಮೊದಲಲ್ಲಿಯೇ ನಿಷೇಧಿಸುತ್ತಾನೆ. ಬೇಸರವು ಬೇಸರವಾಗಿಯೇ ಉಳಿಯಬೇಕು. ಕೃಪೆಯು ಅದರೊಳಗೇ ಇರುವುದು.

ಆಕ್ಷೇಪಗಳೂ ಹುಟ್ಟಿದುವು. ಕೃಪೆಯು ಸರ್ವತ್ರ ಇರುವುದಾದರೆ ಸಾಕ್ಷಿಯಾಗಿ ಪ್ರಾಣಕೊಡುವುದೇತಕ್ಕೆಂದು ಬಾಲ್ತಾಸರನು 1966ರಲ್ಲಿ ತೀಕ್ಷ್ಣವಾಗಿ ಪ್ರಶ್ನಿಸಿದನು. ಮೇಲೆ ಹೇಳಿದ ನಿಷೇಧವನ್ನು ಬಲ್ಲವರಿಗೆ ಈ ಆಕ್ಷೇಪವು ಅಷ್ಟು ಬಲವಾಗಿ ತೋರದು. ಶಿಷ್ಯನಾದ ಮೆಟ್ಸನ ಆಕ್ಷೇಪವು ಇದಕ್ಕಿಂತ ಗಂಭೀರ: ಗುರುವಿನ ಶಾಸ್ತ್ರದಲ್ಲಿ ಚರಿತ್ರೆಯೂ ಔಷ್ವಿಟ್ಸಿನಲ್ಲಿ ಮಡಿದವರೂ ಎಲ್ಲಿ? ಆ ಏಳು ಕ್ರಿಯೆಗಳಲ್ಲಿ ಊಟವುಂಟು, ಊಟವಿಲ್ಲದವನ ದಿನಚರ್ಯೆಯಿಲ್ಲ. ತನ್ನ ಮೇಲಣ ವಿಮರ್ಶೆಗಳಲ್ಲಿ ತಾನು ಬಹಳ ಗುರುತರವೆಂದು ಭಾವಿಸುವುದು ಮೆಟ್ಸನದೊಂದನ್ನೇ ಎಂದು ರಾಹ್ನರನು 1980ರಲ್ಲಿ, ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಒಪ್ಪಿಕೊಂಡನು.