ಕೆಂಪು ಏರೋಪ್ಲೇನ್ ಚಿಟ್ಟೆ (ಕ್ರೋಕೋಥೆಮಿಸ್ ಸರ್ವಿಲಿಯಾ)

ಕೆರೆ, ಕೃಷಿಹೊಂಡ, ಗದ್ದೆ, ದೇವಸ್ಥಾನದ ಕಲ್ಯಾಣಿ ಹೀಗೆ ನೀರು ನಿಂತ ಕಡೆಯಲ್ಲೆಲ್ಲ ಕಾಣುವ ಡ್ರ್ಯಾಗನ್‌ಫ್ಲೈ. ಲಿಬೆಲ್ಯುಲಿಡೇ ಕುಟುಂಬಕ್ಕೆ ಸೇರಿದ ಇದನ್ನು 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕೀಟಸಂಗ್ರಾಹಕ ಡ್ರೂ ಡ್ರೂರಿ ಮೊದಲು ವಿವರಿಸಿದ. ಪಶ್ಚಿಮ ಏಷ್ಯಾದಿಂದ ಜಪಾನಿನವರೆಗೆ ಇದರ ನೆಲೆಯಿದೆ. ಅಮೆರಿಕದ ಫ್ಲಾರಿಡಾ ಮತ್ತು ಹವಾಯಿಗಳಲ್ಲೂ ಈಗ ಬೇರೂರಿದೆ.

ಕೆರೆ ದಂಡೆಯಲ್ಲಿ ಕೆಂಪಗೆ ಹಾರುವುದೆಲ್ಲ ಇದೇ ಅಲ್ಲ. ಬಣ್ಣವೊಂದನ್ನೇ ನಂಬಿದರೆ ಗುರುತು ತಪ್ಪುವುದು ಖಂಡಿತ. ಬಲಿತ ಗಂಡಿನ ಮುಖ, ಕಣ್ಣು, ಎದೆ, ಹೊಟ್ಟೆ ಎಲ್ಲವೂ ರಕ್ತಗೆಂಪು. ಅದು ಜೊಂಡಿನ ತುದಿಯಲ್ಲಿ ಕೂತಾಗ ಬೆನ್ನಿನ ಮೇಲಿಂದ ನೋಡಬೇಕು: ಹೊಟ್ಟೆಯ ನಡುವೆ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ ಸಾಗಿರುತ್ತದೆ. ರೆಕ್ಕೆ ಪಾರದರ್ಶಕ, ಬುಡದಲ್ಲಿ ಮಾತ್ರ ಜೇನುಬಣ್ಣದ ಮಚ್ಚೆ. ಹಿಂದಿನ ರೆಕ್ಕೆಯ ಉದ್ದ 27ರಿಂದ 38 ಮಿ.ಮೀ.

ಇದರೊಡನೆ ಹೆಚ್ಚು ಗೊಂದಲ ಹುಟ್ಟಿಸುವುದು ಟ್ರಿಥೆಮಿಸ್ ಅರೋರಾ. ಅದರ ಗಂಡಿನ ಕೆಂಪಿನಲ್ಲಿ ನೇರಳೆ ಛಾಯೆ ಬೆರೆತಿರುತ್ತದೆ, ರೆಕ್ಕೆಯ ನರಗಳೂ ಕೆಂಪು, ಕಾಲು ಕಪ್ಪು. ಸರ್ವಿಲಿಯಾದ ಕಾಲು ಕೆಂಪು. ಊರ ಚರಂಡಿ, ಕೊಳಕು ಕೆರೆಗಳ ಬ್ರಾಕಿಥೆಮಿಸ್ ಕಂಟಾಮಿನೇಟಾವನ್ನು ಬೇರ್ಪಡಿಸುವುದು ಸುಲಭ; ಅದರ ರೆಕ್ಕೆಗೇ ಕಿತ್ತಳೆ ಬಣ್ಣ ಹರಡಿರುತ್ತದೆ.

ಹೆಣ್ಣು ಕೆಂಪಲ್ಲ. ಹಳದಿ ಮಿಶ್ರಿತ ಕಂದು ಮೈಯ ಅದನ್ನು ಬೇರೆಯದೇ ಜಾತಿ ಎಂದು ಭಾವಿಸುವವರಿದ್ದಾರೆ. ಎಳೆಯ ಗಂಡು ಕೂಡ ಮೊದಮೊದಲು ಹಳದಿಯೇ, ಬಲಿತಂತೆ ಕೆಂಪೇರುತ್ತದೆ. ಬೆನ್ನಿನ ಕಪ್ಪು ಗೆರೆ ಮತ್ತು ರೆಕ್ಕೆ ಬುಡದ ಮಚ್ಚೆ ಮಾತ್ರ ಎಲ್ಲದರಲ್ಲೂ ಇರುತ್ತವೆ.

ಗಂಡು ತನ್ನ ಜಾಗಕ್ಕೆ ಬಂದ ಇನ್ನೊಂದು ಗಂಡನ್ನು ಅಟ್ಟಿಸಿಕೊಂಡು ಹೋಗಿ, ಮತ್ತೆ ಅದೇ ಕಡ್ಡಿಯ ಮೇಲೆ ಬಂದು ಕೂರುವುದು ವಾಡಿಕೆ. ಹೆಣ್ಣು ಹಾರುತ್ತಲೇ ಹೊಟ್ಟೆಯ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆ ಉದುರಿಸುತ್ತದೆ. ಮರಿಗಳು ನೀರೊಳಗೇ ಬೆಳೆಯುತ್ತವೆ, ಸೊಳ್ಳೆಮರಿಗಳನ್ನು ತಿನ್ನುತ್ತವೆ. ಮ್ಯಾನ್ಮಾರಿನ ಯಾಂಗೂನ್‌ನಲ್ಲಿ ಮನೆಗಳ ನೀರಿನ ತೊಟ್ಟಿಗಳಿಗೆ ಈ ಮರಿಗಳನ್ನು ಬಿಟ್ಟು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳನ್ನು ತಗ್ಗಿಸಿದ ಪ್ರಯೋಗದ ವರದಿ 1990ರಲ್ಲಿ ಪ್ರಕಟವಾಯಿತು. ಕೀಟನಾಶಕ ಸುರಿದ ನೀರಿನಲ್ಲಿ ಸೊಳ್ಳೆಯ ಜೊತೆಗೆ ಸೊಳ್ಳೆಯ ಈ ಶತ್ರುವೂ ಸಾಯುತ್ತದೆಂಬುದನ್ನು ಕೆರೆ ನೋಡಿಕೊಳ್ಳುವವರು ಮರೆಯಬಾರದು.

ಗುರುತಿಸಲೆಂದು ಫೋಟೊ ತೆಗೆಯುವವರು ಮೇಲಿನಿಂದೊಂದು, ಪಕ್ಕದಿಂದೊಂದು ತೆಗೆದುಕೊಳ್ಳುವುದು ಒಳ್ಳೆಯದು. ಬೆನ್ನಿನ ಗೆರೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಕಾಲಿನ ಬಣ್ಣ ಪಕ್ಕದಿಂದ.