ತಲೆಪೆಟ್ಟು: ಕ್ರಿಕೆಟ್‌ನಲ್ಲಿ ಹೊಣೆ ಯಾರದು?

2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಮರ್ವಿನ್ ಡಿಲ್ಲನ್ ಅವರ ಬೌನ್ಸರ್ ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡೇ 14 ಓವರ್ ಬೌಲ್ ಮಾಡಿದ ಅವರು ಬ್ರಯಾನ್ ಲಾರಾ ವಿಕೆಟ್ ಪಡೆದರು. ಕನ್ನಡಿಗರು ಇಂದಿಗೂ ಕೊಂಡಾಡುವ ಸಾಹಸವಿದು. ಆದರೆ ಬದಲಿ ಆಟಗಾರ ಬೌಲ್ ಮಾಡಲು ಅಂದು ಅವಕಾಶವೇ ಇರಲಿಲ್ಲ.

ತಲೆಪೆಟ್ಟಿನಿಂದ ಮಿದುಳಿಗೆ ಆಘಾತವಾದವರ ಬದಲಿಗೆ ಮತ್ತೊಬ್ಬರನ್ನು ಆಡಿಸಲು ಐಸಿಸಿ 2019ರ ಆಗಸ್ಟ್‌ನಿಂದ ಅನುಮತಿ ನೀಡಿದೆ. ಒಪ್ಪಿಗೆ ನೀಡುವ ಅಧಿಕಾರ ಮ್ಯಾಚ್ ರೆಫರಿಯದು. ಅದರ ಮೇಲೆ ಮೇಲ್ಮನವಿಯಿಲ್ಲ. ಬದಲಿಗೆ ಬರುವವನು ಗಾಯಾಳುವಿಗೆ ಸರಿಸಮನಾದ ಆಟಗಾರನಾಗಿರಬೇಕು.

ಈ ಷರತ್ತೇ 2025ರ ಜನವರಿ 31ರಂದು ಪುಣೆಯಲ್ಲಿ ವಿವಾದಕ್ಕೀಡಾಯಿತು. ಶಿವಂ ದುಬೆ ಬದಲಿಗೆ ಬಂದ ವೇಗಿ ಹರ್ಷಿತ್ ರಾಣಾ 3 ವಿಕೆಟ್ ಪಡೆದರು. ಇಂಗ್ಲೆಂಡ್ 15 ರನ್‌ಗಳಿಂದ ಸೋತಿತು. ರೆಫರಿಯಾಗಿದ್ದವರು ಕರ್ನಾಟಕದವರೇ ಆದ ಜಾವಗಲ್ ಶ್ರೀನಾಥ್. ನಾಯಕ ಜೋಸ್ ಬಟ್ಲರ್ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ಆಕ್ಷೇಪವಿದ್ದುದು ರಾಣಾ ಆಯ್ಕೆಗೇ ಹೊರತು ದುಬೆ ಹೊರಗುಳಿದುದಕ್ಕಲ್ಲ ಎಂಬುದು ಗಮನಾರ್ಹ.

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಐಸ್ ಹಾಕಿಯಲ್ಲಿ ತಲೆಯನ್ನೇ ಗುರಿಯಾಗಿಸಿ ಡಿಕ್ಕಿ ಹೊಡೆಯುವುದಕ್ಕೆ 2010ರಿಂದ ಶಿಕ್ಷೆಯುಂಟು. ಕ್ರಿಕೆಟ್‌ನಲ್ಲಿ ನಿಯಮಬದ್ಧ ಬೌನ್ಸರ್ ಎಸೆದವನಿಗೆ ಶಿಕ್ಷೆಯಿಲ್ಲ. ಅದು ಅಪಾಯಕಾರಿ ಎಂದು ಅಂಪೈರ್‌ಗೆ ಅನಿಸಿದರೆ ಮೊದಲು ಎಚ್ಚರಿಕೆ, ಮರುಕಳಿಸಿದರೆ ಆ ಇನಿಂಗ್ಸ್‌ನಲ್ಲಿ ಬೌಲಿಂಗ್‌ಗೆ ನಿರ್ಬಂಧ.

ದವಡೆ ಮುರಿತವೊಂದೇ ಆದರೆ ಐಸಿಸಿಯ 2019ರ ನಿಯಮದಲ್ಲೂ ಬದಲಿ ಆಟಗಾರ ದೊರೆಯುವುದಿಲ್ಲ. ಇಂಥ ಗಂಭೀರ ಗಾಯಗಳಿಗೂ ಬದಲಿ ಆಟಗಾರನನ್ನು ಕಣಕ್ಕಿಳಿಸುವ ಅವಕಾಶವನ್ನು ಬಿಸಿಸಿಐ 2025–26ರ ದೇಶೀಯ ಬಹುದಿನ ಪಂದ್ಯಗಳಲ್ಲಿ ಕಲ್ಪಿಸಿತು.